ಶಿಕಾರಿಗೆ .308 ಸಾಕಾ?

ನನ್ನ ಹತ್ತಿರ ಇರುವುದು .308 ವಿಂಚೆಸ್ಟರ್ ತೋಟೆಯ ರೈಫಲ್ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ. ಜಿಂಕೆಗೆ, ಕಾಡುಹಂದಿಗೆ ಇದು ಸಾಕಾ? ಇಷ್ಟೊಂದು ಹೊಸ ಕ್ಯಾಲಿಬರ್ (ತೋಟೆಯ ಅಳತೆ) ಬಂದಿರುವಾಗ ಇನ್ನೂ ಇದನ್ನೇ ಯಾಕೆ ಇಟ್ಟುಕೊಂಡಿದ್ದೀರಿ? ಸಾಕು ಅಂತಲೇ ನನ್ನ ಉತ್ತರ. ಆದರೆ ಎಲ್ಲಿ ಸಾಕು, ಎಲ್ಲಿ ಸಾಲದು ಅನ್ನುವುದನ್ನೂ ಹೇಳಬೇಕಲ್ವಾ. ಲೈಸೆನ್ಸ್ ಇದ್ದು, ಕಾನೂನು ಶಿಕಾರಿಗೆ ಒಪ್ಪಿಗೆ ಕೊಟ್ಟಿರುವ ಕಡೆಯ ಮಾತು ಇದು.

ಇದು ಮಾರುಕಟ್ಟೆಗೆ ಬಂದದ್ದು 1952ರಲ್ಲಿ. ಅದಕ್ಕೂ ಮೊದಲು ದೊಡ್ಡ ಹೆಸರು ಅಂದರೆ 1906ರ .30-06. ಅದರ ತೋಟೆಯ ಕೋಶ, ಅಂದರೆ ಮದ್ದು ತುಂಬುವ ಲೋಹದ ಕೊಳವೆ, 63 ಮಿಲಿಮೀಟರ್ ಉದ್ದ, .308ರದ್ದು 51. ಅಷ್ಟು ಹೊತ್ತಿಗೆ ಮದ್ದು ಸುಧಾರಿಸಿತ್ತು, ಹಾಗಾಗಿ ಚಿಕ್ಕ ಕೋಶದಿಂದಲೇ ಹೆಚ್ಚುಕಡಿಮೆ ಅದೇ ಕೆಲಸ ತೆಗೆಯಬಹುದಿತ್ತು. 150 ಗ್ರೇನ್ ಗುಂಡು, ಅಂದರೆ 9.7 ಗ್ರಾಂ, .308ರ ನಳಿಗೆಯಿಂದ ಸೆಕೆಂಡಿಗೆ ಸುಮಾರು 860 ಮೀಟರ್ ವೇಗದಲ್ಲಿ ಹೊರಡುತ್ತದೆ. .30-06 ಅದಕ್ಕಿಂತ ಇಪ್ಪತ್ತು ಮೂವತ್ತು ಮೀಟರ್ ಜಾಸ್ತಿ ಕೊಡುತ್ತದೆ, ಅಷ್ಟೇ. ತೋಟೆ ಗಿಡ್ಡ ಆದ್ದರಿಂದ ತೋಟೆಯನ್ನು ಒಳಗೆ ನೂಕುವ ಬೋಲ್ಟ್ ಎಳೆಯುವ ದೂರವೂ ಕಡಿಮೆ, ರೈಫಲ್ಲೂ ಸ್ವಲ್ಪ ಗಿಡ್ಡ. ಪೊದೆಗಳ ನಡುವೆ ನುಸುಳಿ ನಡೆಯುವವರಿಗೆ ಇದರ ಸುಖ ಗೊತ್ತು.

ಆದರೆ ನಾನು ಇದನ್ನು ಬಿಡದೇ ಇರುವುದಕ್ಕೆ ಕಾರಣ ವೇಗ ಅಲ್ಲ, ಈಡು ಹಾರಿದಾಗ ರೈಫಲ್ ಹೆಗಲಿಗೆ ಕೊಡುವ ಒದೆತ.

ಒಮ್ಮೆ ಶೂಟಿಂಗ್ ರೇಂಜ್‌ನಲ್ಲಿ ಗೆಳೆಯನೊಬ್ಬ .308ಕ್ಕಿಂತ ಜೋರಾದ .300 ವಿಂಚೆಸ್ಟರ್ ಮ್ಯಾಗ್ನಮ್ ತಂದಿದ್ದ. ಒಳ್ಳೆ ರೈಫಲ್, ಒಳ್ಳೆ ಸ್ಕೋಪ್, ಆದರೂ ಗುಂಡುಗಳು ಚೆಲ್ಲಾಪಿಲ್ಲಿ. ಸ್ಕೋಪ್ ಸರಿಯಿಲ್ಲ ಅಂತ ಅವನ ಹಟ. ಅವನ ಒಪ್ಪಿಗೆ ತೆಗೆದುಕೊಂಡು ನಾನೇ ತೋಟೆ ತುಂಬಿಕೊಡಲು ಶುರು ಮಾಡಿದೆ, ನಡುವೆ ಯಾವಾಗಲೋ ಒಂದು ಡಮ್ಮಿ ತೋಟೆ, ಅಂದರೆ ಮದ್ದಿಲ್ಲದ ತೋಟೆ, ಹಾಕಿದೆ. ಕುದುರೆ (ಟ್ರಿಗರ್) ಎಳೆದ. ಟಿಕ್ ಅಂತ ಸದ್ದು ಬಂತು ಅಷ್ಟೇ, ಆದರೆ ಕಣ್ಣು ಮುಚ್ಚಿತ್ತು, ಹೆಗಲು ಮುಂದಕ್ಕೆ ನೂಕಿತ್ತು, ನಳಿಗೆಯ ಮೂತಿ ಮೂರು ಬೆರಳು ಕೆಳಗೆ ಬಗ್ಗಿತ್ತು. ಒದೆ ಬೀಳುವ ಮೊದಲೇ ಮೈ ಹೆದರಿತ್ತು. ಅದೇ ತೂಕದ ರೈಫಲ್‌ನಲ್ಲಿ ಆ ಮ್ಯಾಗ್ನಮ್‌ನ ಒದೆತ .308ಕ್ಕಿಂತ ಹತ್ತಿರ ಹತ್ತಿರ ಒಂದೂವರೆ ಪಟ್ಟು. ನನ್ನ ರೈಫಲ್ ಕೊಟ್ಟ ಮೇಲೆ ಐದಾರು ತೋಟೆಯೊಳಗೆ ಅವನ ಕೈ ನಿಂತಿತು. ಹೆಗಲು ನೋಯದಿದ್ದರೆ ಮನುಷ್ಯ ಜಾಸ್ತಿ ಅಭ್ಯಾಸ ಮಾಡುತ್ತಾನೆ. ಇದಕ್ಕಿಂತ ದೊಡ್ಡ ಗುಣ ಒಂದು ಕ್ಯಾಲಿಬರ್‌ಗೆ ಬೇರೆ ಇಲ್ಲ ಅಂತ ನನಗನ್ನಿಸುತ್ತದೆ.

ಇನ್ನು ಇದರ ಕೊರತೆ. ದೂರ ಹೋದಂತೆ ಗುಂಡು ಬೇಗ ಇಳಿಯುತ್ತದೆ. 200 ಮೀಟರ್‌ಗೆ ಗುರಿ ಹೊಂದಿಸಿಟ್ಟರೆ 300 ಮೀಟರ್‌ನಲ್ಲಿ ಒಂದು ಗೇಣಿಗಿಂತ ತುಸು ಜಾಸ್ತಿ ಕೆಳಗೆ, 400ರಲ್ಲಿ ಮುಕ್ಕಾಲು ಮೀಟರ್ ಹತ್ತಿರ ಕೆಳಗೆ ಬೀಳುತ್ತದೆ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗವೇ ಒಂದು ಗೇಣು. ಹಾಗಾದರೆ ಐವತ್ತು ನೂರು ಮೀಟರ್ ಅಂದಾಜು ತಪ್ಪಿದರೆ ಏನಾಗುತ್ತದೆ ಅಂತ ಯೋಚಿಸಿ.

ನಾನು ತಪ್ಪಿದ್ದೇನೆ. ಸಂಜೆ ಬೆಳಕು ಕಡಿಮೆಯಾಗಿತ್ತು, 250 ಇರಬಹುದು ಅಂದುಕೊಂಡು ಈಡು ಹೊಡೆದೆ, ಇದ್ದದ್ದು 330. ಎದೆಗೆ ಬೀಳಬೇಕಿದ್ದ ಗುಂಡು ಮುಂಗಾಲಿಗೆ ಬಿತ್ತು. ಕತ್ತಲಲ್ಲಿ ರಕ್ತದ ಜಾಡು ಸಿಗಲಿಲ್ಲ, ಮಾರನೇ ದಿನ ಬೆಳಕು ಹರಿದ ಮೇಲೆ ಸಿಕ್ಕಿತು. ಇಡೀ ರಾತ್ರಿ ಆ ಪ್ರಾಣಿ ನರಳಿದ್ದು ನನ್ನಿಂದ. ಆವತ್ತಿನಿಂದ 250 ಮೀಟರ್ ದಾಟಿದರೆ ನಾನು ಕುದುರೆ ಮುಟ್ಟುವುದಿಲ್ಲ, ಎಂಥ ಮಿಕ ಎದುರಿಗಿದ್ದರೂ ಸರಿ.

ದೂರದ ಮಾತು ಬಂದರೆ 6.5 ಕ್ರೀಡ್‌ಮೋರ್ ಮೇಲು, ಒಪ್ಪಿಕೊಳ್ಳಲೇಬೇಕು. 2007ರಲ್ಲಿ ಹಾರ್ನಡಿ ಕಂಪನಿ ಗುರಿ ಸ್ಪರ್ಧೆಗೆಂದು ತಂದದ್ದು. ಗುಂಡು ಸಪೂರ, ಉದ್ದ, ಗಾಳಿಗೆ ಅಷ್ಟಾಗಿ ಸರಿಯುವುದಿಲ್ಲ, ಒದೆತವೂ .308ಕ್ಕಿಂತ ಕಡಿಮೆ. ಆದರೆ ನಳಿಗೆ ಬೇಗ ಸವೆಯುತ್ತದೆ. ದೊಡ್ಡ ಪ್ರಾಣಿಗೆ .308ರ 180 ಗ್ರೇನ್ ಗುಂಡು ಕೊಡುವ ಧೈರ್ಯ ನನಗೆ ಅದರಲ್ಲಿ ಬರುವುದಿಲ್ಲ. ಹಾಗಂತ ಸಣ್ಣ ಗುಂಡು ಕೆಲಸಕ್ಕೆ ಬಾರದು ಅಂತಲ್ಲ. ಸ್ವೀಡನ್‌ನಲ್ಲಿ ಹಳೇ 6.5×55 ತೋಟೆಯಿಂದಲೇ ಮೂಸ್ ಅನ್ನುವ ಭಾರೀ ಜಿಂಕೆಯನ್ನು ಹೊಡೆಯುತ್ತಾ ಬಂದಿದ್ದಾರೆ. ಗುಂಡು ಎಲ್ಲಿ ಬಿತ್ತು, ಯಾವ ಥರದ್ದು ಅನ್ನುವುದು ಅದರ ದಪ್ಪಕ್ಕಿಂತ ಮುಖ್ಯ.

ಗುಂಡಿನ ಬಗ್ಗೆ ಒಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ. ಸೀಸದ ಗುಂಡು ಒಳಗೆ ಹೋಗಿ ಚೂರಾದರೆ ಸಣ್ಣ ಸಣ್ಣ ಕಣ ಮಾಂಸದಲ್ಲಿ ಉಳಿಯುತ್ತದೆ. ಮನೆಯಲ್ಲಿ ಮಕ್ಕಳು ತಿನ್ನುವ ಮಾಂಸ ಅದು, ಅದಕ್ಕೇ ನಾನು ತಾಮ್ರಕ್ಕೆ ಬಂದೆ. ತಾಮ್ರದ ಗುಂಡು ಅರಳಬೇಕಾದರೆ ವೇಗ ಬೇಕು, ಹಾಗಾಗಿ ಸೀಸದಲ್ಲಿ 180 ಗ್ರೇನ್ ಬಳಸುತ್ತಿದ್ದವರು ತಾಮ್ರದಲ್ಲಿ 150ಕ್ಕೆ ಇಳಿಯುವುದು ಒಳ್ಳೆಯದು. ಬದಲಾಯಿಸಿದ ಮೇಲೆ ಗುರಿ ಮತ್ತೆ ಹೊಂದಿಸಲೇಬೇಕು. ನನ್ನ ರೈಫಲ್ 100 ಮೀಟರ್‌ನಲ್ಲಿ ಒಂದು ಬಗೆಯ ತೋಟೆಯನ್ನು ಎರಡು ಬೆರಳಗಲದಲ್ಲಿ ಕೂಡಿಸುತ್ತದೆ, ಇನ್ನೊಂದನ್ನು ಅಂಗೈಯಗಲ ಚೆಲ್ಲುತ್ತದೆ. ಎರಡೂ .308, ತೂಕವೂ ಒಂದೇ!

ಹಾಗಾಗಿ ಬಯಲಲ್ಲಿ ದೂರದ ಈಡು ಹೊಡೆಯುವವರು, ಅಷ್ಟು ದೂರಕ್ಕೆ ಅಭ್ಯಾಸವೂ ಇರುವವರು, 6.5 ತೆಗೆದುಕೊಳ್ಳಲಿ. ಕಾಡಿನೊಳಗೆ, ಕಾಡಿನಂಚಿನಲ್ಲಿ ಕೂರುವವರಿಗೆ .308. ಮೈಕಟ್ಟು ಸಣ್ಣ, ಒದೆತದ ಭಯ ಅನ್ನುವವರಿಗೆ .308ರ ಕೋಶದಿಂದಲೇ ಹುಟ್ಟಿದ .243 ವಿಂಚೆಸ್ಟರ್ ಅಥವಾ 7ಎಂಎಂ-08 ನೋಡಿ ಅನ್ನುತ್ತೇನೆ. ಮನೆಯಲ್ಲಿ ಈಗಾಗಲೇ .30-06 ಇದ್ದರೆ ಸುಮ್ನೆ ಅದನ್ನು ಮಾರಿ ಇದನ್ನು ಕೊಳ್ಳಬೇಡಿ. ಆ ದುಡ್ಡಿಗೆ ತೋಟೆ ತೆಗೆದುಕೊಂಡು ಸೀಸನ್ ಶುರುವಾಗುವ ಮೊದಲು ರೇಂಜ್‌ಗೆ ಹೋಗಿ, ಜೊತೆಗೆ ಎರಡು ಡಮ್ಮಿ ತೋಟೆಯೂ ಇರಲಿ.