ಎರಡು ವೈರ್‌ಲೆಸ್ ಸ್ಪೀಕರ್, ಒಂದು ಸೋಫಾ, ಆರು ವಾರ

ಮನೆಯಲ್ಲಿರುವುದು ಒಂದೇ ಮಾಡೆಲ್ಲಿನ ಎರಡು ಪುಟ್ಟ ವೈರ್‌ಲೆಸ್ ಸ್ಪೀಕರ್. ಬ್ಲೂಟೂತ್ ಇದೆ, ವೈಫೈ ಇದೆ, ಎರಡನ್ನೂ ಜೋಡಿ ಮಾಡಿ ಸ್ಟೀರಿಯೋ ಮಾಡಬಹುದು. ತಂದ ಹೊಸದರಲ್ಲಿ ಕುಣಿದಾಡಿದೆ. ಆಮೇಲೆ ಯಾಕೋ ಹಾಡು ಕೇಳೋದೇ ಕಡಿಮೆ ಆಯಿತು. ಬೇಸ್ ಗುಂಯ್ ಅಂತ ತುಂಬಿಕೊಳ್ಳುತ್ತಿತ್ತು, ಹಾಡುವವರ ದನಿ ಡ್ರಮ್ಮಿನೊಳಗೆ ಕೂತು ಹಾಡಿದ ಹಾಗೆ ಕೇಳುತ್ತಿತ್ತು. ಬೇರೆ ಸ್ಪೀಕರ್ ತರುವುದಿಲ್ಲ, ಇರುವುದರಲ್ಲೇ ಎಷ್ಟು ಆಗುತ್ತೋ ನೋಡೋಣ ಅಂತ ಹೊರಟೆ. ವಾರವಾರ ಗೀಚಿಟ್ಟದ್ದನ್ನು ಇಲ್ಲಿ ಸರಿಮಾಡಿ ಬರೆದಿದ್ದೇನೆ.

ವಾರ 1

ಏನನ್ನೂ ಅಲುಗಾಡಿಸುವ ಮೊದಲು ಸೆಟ್ಟಿಂಗ್ಸ್ ತೆರೆದೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಫೋನಿನ ಸೌಂಡ್ ಎಫೆಕ್ಟ್ ಆನ್ ಇತ್ತು. ಹಾಡಿನ ಆ್ಯಪ್‌ನಲ್ಲಿ ಇನ್ನೊಂದು ಈಕ್ವಲೈಸರ್ (ತಗ್ಗಿನ, ಮೇಲಿನ ಸ್ವರಗಳನ್ನು ಬೇರೆ ಬೇರೆ ಏರಿಸಿ ಇಳಿಸುವುದು), ಅದರಲ್ಲಿ ಬೇಸ್ ಬೂಸ್ಟ್. ಸ್ಪೀಕರಿನದೇ ಆ್ಯಪ್‌ನಲ್ಲಿ ಮತ್ತೊಂದು, ಅಲ್ಲೂ ಬೇಸ್ ಮೇಲಕ್ಕೆ. ಮೂವರು ಒಬ್ಬರಿಗೊಬ್ಬರು ಹೇಳದೆ ಒಂದೇ ಪಾತ್ರೆಗೆ ಉಪ್ಪು ಹಾಕಿದ ಹಾಗೆ. ಮೂರನ್ನೂ ಹಾಕಿದವನು ನಾನೇ, ಬೇರೆ ಬೇರೆ ತಿಂಗಳಲ್ಲಿ. ಎಲ್ಲ ಸೊನ್ನೆಗೆ ತಂದೆ.

ಹಾಡಿನ ಗುಣಮಟ್ಟ 'ಆಟೋಮ್ಯಾಟಿಕ್' ಅಂತ ಇತ್ತು. ಅದನ್ನು ಮೇಲಿನ ಮಟ್ಟಕ್ಕೆ ಏರಿಸಿದೆ. ಕೊನೆಗೆ ಎಡ-ಬಲ ಪರೀಕ್ಷೆಯ ಒಂದು ರೆಕಾರ್ಡಿಂಗ್ ಹಾಕಿದೆ. 'ಎಡ' ಅನ್ನುವ ಮಾತು ಬಲಗಡೆಯಿಂದ ಬಂತು. ಇಷ್ಟು ದಿನ ಎಲ್ಲವನ್ನೂ ಉಲ್ಟಾ ಕೇಳಿದ್ದೇನೆ, ತಿಳಿದೇ ಇರಲಿಲ್ಲ.

ವಾರ 2

ಈ ವಾರ ಕೋಡೆಕ್ ಹುಚ್ಚು. ಬ್ಲೂಟೂತ್‌ನಲ್ಲಿ ಹಾಡು ಹಾಗೇ ಹೋಗುವುದಿಲ್ಲ. ಫೋನು ಅದನ್ನು ಕುಗ್ಗಿಸಿ ಕಳಿಸುತ್ತದೆ, ಸ್ಪೀಕರ್ ಬಿಚ್ಚಿಕೊಳ್ಳುತ್ತದೆ. ಹಾಗೆ ಕುಗ್ಗಿಸಿ ಬಿಚ್ಚುವ ವಿಧಾನವೇ ಕೋಡೆಕ್. ಸಿಡಿ ಗುಣಮಟ್ಟದ ಸ್ಟೀರಿಯೋಗೆ ಸೆಕೆಂಡಿಗೆ 1411 ಕಿಲೋಬಿಟ್ ಬೇಕು. ಎಲ್ಲ ಬ್ಲೂಟೂತ್ ಸ್ಪೀಕರಿನಲ್ಲೂ ಇರಲೇಬೇಕಾದ ಎಸ್‌ಬಿಸಿ ಕೋಡೆಕ್ ಒಳ್ಳೆಯ ಸೆಟ್ಟಿಂಗ್‌ನಲ್ಲಿ ಸುಮಾರು 328ರಲ್ಲಿ ಮುಗಿಸುತ್ತದೆ. ಎಲ್‌ಡ್ಯಾಕ್ ಅನ್ನೋ ಇನ್ನೊಂದು ಕೋಡೆಕ್ 330, 660, 990 ಅಂತ ಮೂರು ಮೆಟ್ಟಿಲಲ್ಲಿ ಓಡುತ್ತದೆ. ಸಂಖ್ಯೆ ನೋಡಿದರೆ ಆಸೆ ಆಗುತ್ತೆ ಅಲ್ವಾ? ಆಂಡ್ರಾಯ್ಡ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಕೋಡೆಕ್ ಪಟ್ಟಿ ಅಲ್ಲಿದೆ. ಒಳಗೆ ಹೋಗಿ ಎಲ್‌ಡ್ಯಾಕ್ ಆರಿಸಿದೆ. ಅದು ತಕ್ಷಣ ವಾಪಸ್ ಎಎಸಿ ಅನ್ನೋ ಮತ್ತೊಂದು ಕೋಡೆಕ್‌ಗೆ ಹಾರಿತು. ಇನ್ನೊಮ್ಮೆ ಆರಿಸಿದೆ, ಇನ್ನೊಮ್ಮೆ ಹಾರಿತು. ನನ್ನ ಸ್ಪೀಕರಿಗೆ ಬರುವುದು ಎಸ್‌ಬಿಸಿ ಮತ್ತು ಎಎಸಿ ಎರಡೇ. ಕೋಡೆಕ್ ಎರಡೂ ಕಡೆ ಇರಬೇಕು, ಫೋನ್ ಒಂದರಲ್ಲಿ ಇದ್ದರೆ ಏನೂ ಪ್ರಯೋಜನವಿಲ್ಲ.

ಸರಿ, ಇರುವ ಎರಡರಲ್ಲಿ ಯಾವುದು ಚೆನ್ನ? ಮಗಳನ್ನು ಕೂರಿಸಿ, ನಾನು ಹಿಂದೆ ನಿಂತು, ಅವಳಿಗೆ ಹೇಳದೆ ಬದಲಾಯಿಸುತ್ತಾ ಹೋದೆ. ಹತ್ತರಲ್ಲಿ ಎಂಟು ಸಲ ಎಎಸಿ ಬೇಕು ಅಂದಳು. ನಾನು ಗೆದ್ದೆ ಅಂತ ಬರೆದುಕೊಳ್ಳುವಷ್ಟರಲ್ಲಿ, "ಅಪ್ಪಾ, ಅದು ಚೆನ್ನಾಗಿಲ್ಲ, ಜೋರಾಗಿದೆ ಅಷ್ಟೇ" ಅಂದಳು. ಹೌದು, ಕೋಡೆಕ್ ಬದಲಾದಾಗ ಸಂಪರ್ಕ ಕಡಿದು ಸೇರುತ್ತಿತ್ತು, ಆಗ ವಾಲ್ಯೂಮ್ ಒಂದು ಗೆರೆ ಏರುತ್ತಿತ್ತು. ಒಂದು ಡೆಸಿಬೆಲ್ ಜಾಸ್ತಿ ಇದ್ದರೂ ಕಿವಿ ಅದನ್ನು 'ಜೋರು' ಅನ್ನುವುದಿಲ್ಲ, 'ಚೆಂದ' ಅನ್ನುತ್ತದೆ. ವಾಲ್ಯೂಮ್ ಸರಿಸಮ ಮಾಡಿ ಮತ್ತೆ ಕೇಳಿಸಿದೆ. ಐದು-ಐದು. ಒಂದು ವಾರ ನೀರಿನಲ್ಲಿ ಹೋಮ.

ಒಂದು ಲಾಭ ಆಯಿತು. ಇನ್ನು ಮುಂದೆ ವೈಫೈನಲ್ಲೇ ಕೇಳೋದು ಅಂತ ತೀರ್ಮಾನಿಸಿದೆ. ಅದರಲ್ಲಿ ಸ್ಪೀಕರ್ ತಾನೇ ರೂಟರಿನಿಂದ ಹಾಡು ಎಳೆದುಕೊಳ್ಳುತ್ತದೆ, ಫೋನು ಬರೀ ರಿಮೋಟ್. ಮೆಸೇಜ್ ಬಂದಾಗ ಹಾಡಿನ ಮಧ್ಯೆ 'ಟಿಂಗ್' ಅನ್ನುವುದಿಲ್ಲ. ನನಗೆ ಅಷ್ಟೇ ಸಾಕು.

ವಾರ 3

ಮಗಳು ಮಾತ್ರ ಬ್ಲೂಟೂತ್ ಬಿಡಲಿಲ್ಲ, ಅವಳ ಹಾಡು ಆಗಾಗ ತುಂಡಾಗುತ್ತಿತ್ತು. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಜ್ ಪಟ್ಟಿಯಲ್ಲಿ. ವೈಫೈ, ಮೈಕ್ರೋವೇವ್ ಒಲೆ, ಎಲ್ಲ ಅಲ್ಲೇ ಕಿಕ್ಕಿರಿದಿವೆ. ರೂಟರಿನ ಮೇಲೆ ಸಂಶಯಪಟ್ಟು ಅವಳ ಫೋನನ್ನು 5 ಗಿಗಾಹರ್ಟ್ಜ್‌ಗೆ ಹಾಕಿದೆ. ಸ್ವಲ್ಪ ಕಡಿಮೆ ಆಯಿತು, ಪೂರ್ತಿ ನಿಲ್ಲಲಿಲ್ಲ. ನಿಜವಾದ ಕಳ್ಳ ಬೇರೆ: ಸ್ಪೀಕರಿನ ಪಕ್ಕದಲ್ಲಿ ಲ್ಯಾಪ್‌ಟಾಪ್, ಅದಕ್ಕೆ ಚುಚ್ಚಿದ ಯುಎಸ್‌ಬಿ 3 ಹಾರ್ಡ್ ಡಿಸ್ಕ್. ಅದರ ಕೇಬಲ್ಲು, ಕನೆಕ್ಟರು ಇದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ. ಡಿಸ್ಕನ್ನು ಒಂದು ಮಾರು ಆಚೆಗಿಟ್ಟೆ, ಮುಗಿಯಿತು.

ವಾರ 4

ಈಗ ಗುಂಯ್ ಅನ್ನುವುದಕ್ಕೆ ಬಂದೆ. ಇದನ್ನು ಮೊದಲೇ ಮಾಡಬೇಕಿತ್ತು.

ಎರಡೂ ಸ್ಪೀಕರ್ ಕೋಣೆಯ ಗಿಡ್ಡ ಗೋಡೆಯ ಎರಡು ಮೂಲೆಯಲ್ಲಿದ್ದವು, ಶೆಲ್ಫಿನ ಒಳಗೆ ದೂಡಿ ಇಟ್ಟಿದ್ದೆ. ನೋಡಲು ಅಚ್ಚುಕಟ್ಟು. ಆದರೆ ಬೇಸ್ ಎಲ್ಲ ದಿಕ್ಕಿಗೂ ಹರಡುವ ಸದ್ದು. ಹತ್ತಿರ ಗೋಡೆ ಇದ್ದರೆ ಅದು ತಿರುಗಿ ಬಂದು ಸೇರಿಕೊಳ್ಳುತ್ತದೆ. ಒಂದು ಗೋಡೆ ಸೇರಿದರೆ 6 ಡೆಸಿಬೆಲ್‌ವರೆಗೆ ಏರಬಹುದು. ಮೂಲೆ ಅಂದರೆ ಎರಡು ಗೋಡೆ.

20ರಿಂದ 300 ಹರ್ಟ್ಜ್‌ವರೆಗೆ ನಿಧಾನ ಏರುವ ಸ್ವೀಪ್, ಅಂದರೆ ತಗ್ಗಿನ ಸ್ವರದಿಂದ ಮೇಲಕ್ಕೆ ಜಾರುತ್ತಾ ಹೋಗುವ ಒಂದೇ ಸದ್ದು, ಹಾಕಿ ಫೋನಿನಲ್ಲಿ ಅಳೆದೆ (ಹರ್ಟ್ಜ್ ಕಡಿಮೆಯಾದಷ್ಟೂ ಸ್ವರ ತಗ್ಗು). ಫೋನಿನ ಮೈಕ್ ಅಳತೆಗೆ ಹೇಳಿ ಮಾಡಿಸಿದ್ದಲ್ಲ, ಆದರೆ 'ಮೊದಲಿಗಿಂತ ಈಗ ಹೇಗೆ' ಅಂತ ನೋಡಲು ನಡೆಯುತ್ತದೆ. 118 ಹರ್ಟ್ಜ್ ಹತ್ತಿರ ಎಲ್ಲೋ 'ಜರ್‌ರ್' ಅಂತ ಶುರುವಾಯಿತು. ಅದೇ ಸದ್ದನ್ನು ನಿಲ್ಲಿಸಿಟ್ಟು ಕಳ್ಳನನ್ನು ಹುಡುಕಿದ ಹಾಗೆ ಕೋಣೆಯಿಡೀ ತಡವಿದೆ. ಕಿಟಕಿ ಅಲ್ಲ. ಫ್ಯಾನ್ ಅಲ್ಲ. ಶೆಲ್ಫಿನ ಗಾಜಿನ ಬಾಗಿಲಿಗೆ ಬೆರಳು ಇಟ್ಟೆ, ಸದ್ದು ಅರ್ಧ ಆಯಿತು. ಉಳಿದರ್ಧ ಎರಡನೇ ತಟ್ಟೆಯ ಪೆನ್ ಸ್ಟ್ಯಾಂಡ್. ಅದರೊಳಗೆ ಒಂದು ಒಂಟಿ ಸ್ಕ್ರೂ ಕುಣಿಯುತ್ತಿತ್ತು. ಇಷ್ಟು ದಿನ ಪ್ರತಿ ಹಾಡಿನಲ್ಲೂ ಅದೂ ಒಂದು ವಾದ್ಯ ನುಡಿಸಿದೆ.

ಸ್ಪೀಕರ್‌ಗಳನ್ನು ಶೆಲ್ಫಿನಿಂದ ಇಳಿಸಿ ಎರಡು ಸ್ಟೂಲ್ ಮೇಲೆ ಇಟ್ಟೆ. ಕೆಳಗೆ ದಪ್ಪ ಸ್ಪಂಜಿನ ತುಂಡು, ಎತ್ತರ ಕೂತಾಗ ಕಿವಿಯ ಮಟ್ಟ. ಮೂಲೆ ಬಿಡಿಸಿ ಒಂದರಿಂದ ಒಂದು 1.8 ಮೀಟರ್ ದೂರ. ಗೋಡೆಯಿಂದ 50 ಸೆಂಟಿಮೀಟರ್ ಮುಂದೆ, 'ಗೋಡೆಯಿಂದ ದೂರ ಇಡಿ' ಅಂತ ಎಲ್ಲರೂ ಹೇಳುತ್ತಾರಲ್ಲ. ಗುಂಯ್ ಇಳಿಯಿತು. ಆದರೆ ಗಂಡಸರ ದನಿ ಒಣಗಿಹೋಯಿತು, ಎದೆಯೇ ಇಲ್ಲದ ಹಾಗೆ. ತಬಲಾದ ಎಡಗೈ ಪೆಟ್ಟಿನಲ್ಲೂ ಮೈ ಇಲ್ಲ.

ಇದರ ಲೆಕ್ಕ ಕೂತು ಹಾಕಿದ ಮೇಲೆ ಅರ್ಥವಾಯಿತು. ಸ್ಪೀಕರಿನಿಂದ ಹಿಂದಕ್ಕೆ ಹೋದ ಸದ್ದು ಗೋಡೆಗೆ ಬಡಿದು ಬರುವಾಗ ತಡವಾಗಿರುತ್ತದೆ. ಸ್ಪೀಕರಿನಿಂದ ಗೋಡೆಗಿರುವ ದೂರ ಅಲೆಯ ಉದ್ದದ ಕಾಲು ಭಾಗ ಆದಾಗ, ಹೋಗಿ ಬರುವುದು ಅರ್ಧ ಅಲೆ. ಮುಂದಿನ ಸದ್ದು ಮೇಲೇಳುವಾಗ ಇದು ಕೆಳಗಿಳಿಯುತ್ತದೆ, ಒಂದನ್ನೊಂದು ತಿಂದು ಹಾಕುತ್ತವೆ. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ದೂರದ ನಾಲ್ಕು ಪಟ್ಟಿನಿಂದ ಭಾಗಿಸಬೇಕು. 50 ಸೆಂಟಿಮೀಟರಿಗೆ ಸುಮಾರು 171 ಹರ್ಟ್ಜ್ ಬಂತು. ದನಿಯ ಮೈ ಇರುವ ಜಾಗದಲ್ಲೇ ಹಳ್ಳ.

ಈಕ್ವಲೈಸರ್‌ನಿಂದ ಈ ಹಳ್ಳ ತುಂಬಲು ಆಗುವುದಿಲ್ಲ. ಎಷ್ಟು ಸುರಿದರೂ ಅಷ್ಟನ್ನೇ ಗೋಡೆ ತಿರುಗಿಸಿ ಕಳಿಸಿ ಅಳಿಸುತ್ತದೆ. ಜಾಗವನ್ನೇ ಬದಲಿಸಬೇಕು. 40, 30, 20 ಅಂತ ಹಿಂದೆ ಸರಿಸುತ್ತಾ ಒಂದೇ ಹಾಡು ಎಷ್ಟು ಸಲ ಹಾಕಿದೆನೋ, ಮನೆಯವರಿಗೆ ಅದರ ಮೇಲೆ ದ್ವೇಷ ಬಂದಿರಬೇಕು. 20ರಲ್ಲಿ ನಿಂತಿತು. ಅಲ್ಲಿ ಹಳ್ಳ 430 ಹರ್ಟ್ಜ್ ಹತ್ತಿರ ಹೋಗುತ್ತದೆ. ಸ್ವರ ಮೇಲೇರಿದಷ್ಟೂ ಸ್ಪೀಕರ್ ಹಿಂದಕ್ಕೆ ಎಸೆಯುವ ಸದ್ದು ಕಡಿಮೆ, ಹಾಗಾಗಿ ಹಳ್ಳವೂ ಆಳ ಇಲ್ಲ. ಬೇಸ್ ಸ್ವಲ್ಪ ಜಾಸ್ತಿ ಆಯಿತು ನಿಜ, ಅದನ್ನು ಆಮೇಲೆ ಇಳಿಸಬಹುದು. ಇಳಿಸೋದು ಸುಲಭ.

ವಾರ 5

ಸ್ವೀಪ್‌ನಲ್ಲಿ ಇನ್ನೊಂದು ಗುಡ್ಡ, ಅಂದರೆ ಸದ್ದು ಅತಿಯಾಗಿ ಏರುವ ಜಾಗ, ಉಳಿದಿತ್ತು, 80 ಹರ್ಟ್ಜ್ ದಾಟಿದ ಕೂಡಲೇ. ಕೋಣೆಯ ಉದ್ದ 4.2 ಮೀಟರ್. ಎದುರುಬದುರು ಗೋಡೆಗಳ ನಡುವೆ ಸದ್ದು ಓಡಾಡಿ ನಿಲ್ಲುವ ಮೊದಲ ಸ್ವರ ಸುಮಾರು 41 ಹರ್ಟ್ಜ್, ಅದು ಈ ಪುಟ್ಟ ಸ್ಪೀಕರಿಗೆ ಎಟುಕುವುದೇ ಇಲ್ಲ. ಎರಡನೆಯದು 82. ಅದೇ ಇದು. ಈ ಅಲೆ ಗೋಡೆಯ ಬುಡದಲ್ಲಿ ಅತಿ ಜೋರು, ಗೋಡೆಯಿಂದ ಕೋಣೆಯ ಕಾಲು ಭಾಗ ಒಳಗೆ ಬಂದರೆ ಹೆಚ್ಚುಕಡಿಮೆ ಮಾಯ. ನಮ್ಮ ಸೋಫಾ ಎಲ್ಲಿತ್ತು? ಹಿಂದಿನ ಗೋಡೆಗೆ ಒರಗಿ.

ಸ್ವೀಪನ್ನು 82ರಲ್ಲಿ ನಿಲ್ಲಿಸಿ ಎದ್ದು ನಡೆದು ನೋಡಿದೆ. ಯಾರಾದರೂ ಒಮ್ಮೆ ಮಾಡಿ ನೋಡಬೇಕು ಇದನ್ನು. ಗೋಡೆಗೆ ತಲೆ ತಾಗಿಸಿದರೆ ಎದೆ ನಡುಗುವಷ್ಟು ಸದ್ದು. ಒಂದು ದೊಡ್ಡ ಹೆಜ್ಜೆ ಮುಂದೆ ಬಂದರೆ ಯಾರೋ ಬಾಗಿಲು ಮುಚ್ಚಿದ ಹಾಗೆ ಇಲ್ಲ. ಇನ್ನೊಂದು ಹೆಜ್ಜೆ, ಮತ್ತೆ ಹಾಜರು.

ಲೆಕ್ಕದ ಪ್ರಕಾರ ಕಿವಿ ಗೋಡೆಯಿಂದ 1.05 ಮೀಟರ್‌ನಲ್ಲಿ ಇರಬೇಕು. ಸೋಫಾ ಎಳೆದೆ. "ಯಾಕ್ರೀ ಇದು ದಾರಿ ಮಧ್ಯಕ್ಕೆ ಬಂತು?" ಅಂತ ಹೆಂಡತಿ. 82 ಹರ್ಟ್ಜ್ ವಿಷಯ ವಿವರಿಸಲು ಹೋದೆ, ಅವಳು ಪೂರ್ತಿ ಕೇಳಲಿಲ್ಲ, ತಪ್ಪೂ ಅಲ್ಲ. ಚೌಕಾಸಿ ಮಾಡಿ ಅರ್ಧ ಮೀಟರಿಗೆ ಒಪ್ಪಂದ ಆಯಿತು. ಕಿವಿ ಈಗ ಗೋಡೆಯಿಂದ ಸುಮಾರು 80 ಸೆಂಟಿಮೀಟರ್. ಗುಡ್ಡ ಪೂರ್ತಿ ಹೋಗಿಲ್ಲ, ದಿಬ್ಬ ಆಗಿದೆ. ಬೇಸ್ ಗಿಟಾರ್ ಒಂದೊಂದು ಸ್ವರವೂ ಈಗ ಬಿಡಿಬಿಡಿಯಾಗಿ ಕೇಳುತ್ತದೆ. ಮೊದಲು ಯಾವ ಸ್ವರ ನುಡಿಸಿದರೂ ಒಂದೇ 'ಡುಂ' ಕೇಳುತ್ತಿತ್ತು.

ವಾರ 6

ಉಳಿದದ್ದು ಸಣ್ಣಪುಟ್ಟ. ವೈಫೈನಲ್ಲಿ ಸ್ಪೀಕರೇ ಹಾಡು ಎಳೆದುಕೊಳ್ಳುವುದರಿಂದ ಫೋನಿನ ಸೌಂಡ್ ಎಫೆಕ್ಟ್ ಅದನ್ನು ಮುಟ್ಟುವುದಿಲ್ಲ. ಸ್ಪೀಕರಿನ ಆ್ಯಪ್‌ನಲ್ಲಿರುವ ಬೇಸ್ ಗುಂಡಿ ಒಂದೇ ಗತಿ. ಅದನ್ನು ಎರಡು ಮೆಟ್ಟಿಲು ಇಳಿಸಿದೆ. ಹಗಲು ಚೆನ್ನಾಗಿತ್ತು. ರಾತ್ರಿ ಮೆಲ್ಲಗೆ ಹಾಕಿದಾಗ ಬೇಸ್ ಪೂರ್ತಿ ಮಾಯ. ಇದು ಸ್ಪೀಕರಿನ ತಪ್ಪಲ್ಲ, ಸದ್ದು ಕಡಿಮೆಯಾದಷ್ಟೂ ನಮ್ಮ ಕಿವಿಗೆ ಕೆಳಗಿನ ಸ್ವರ ಮೊದಲು ಕಾಣೆಯಾಗುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ಸಂಶೋಧಕರು 1933ರಲ್ಲೇ ಇದನ್ನು ಅಳೆದು ಗೆರೆ ಎಳೆದಿಟ್ಟಿದ್ದಾರೆ. ಹಾಗಾಗಿ ಈಗ ಎರಡು ಸೆಟ್ಟಿಂಗ್: ಹಗಲಿಗೆ ಎರಡು ಕೆಳಗೆ, ರಾತ್ರಿಗೆ ಸೊನ್ನೆ.

ಹಾಡುವವರ ದನಿ ಮಾತ್ರ ನಡುವಿನಿಂದ ಚೂರು ಎಡಕ್ಕೆ ವಾಲುತ್ತಿದೆ. ಎಡಕ್ಕೆ ಗಾಜಿನ ಕಿಟಕಿ, ಬಲಕ್ಕೆ ತೆರೆದ ಬಾಗಿಲು. ಗಾಜು ಸದ್ದು ವಾಪಸ್ ಕೊಡುತ್ತದೆ, ಬಾಗಿಲು ಇಟ್ಟುಕೊಳ್ಳುತ್ತದೆ. ಭಾನುವಾರ ದಪ್ಪ ಪರದೆ ಎಳೆದು ನೋಡಬೇಕು. ಸೋಫಾ ಕಾಲಿನ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿದ್ದೇನೆ, ಗುಡಿಸಿದ ಮೇಲೆ ಅದು ದಿನಾ ಒಂದು ಗೇಣು ಹಿಂದಕ್ಕೆ ಹೋಗಿರುತ್ತದೆ.