ಹೀಟೆಡ್ ಗ್ರಿಪ್ ಹಾಕಿಸಿದ್ರೆ ಬ್ಯಾಟರಿ ಡೌನ್ ಆಗಲ್ವಾ?

ನನ್ನ ಬೈಕಿನ ಹ್ಯಾಂಡಲ್ ಮೇಲೆ ಒಂದು ಸಣ್ಣ ಸ್ವಿಚ್ಚಿದೆ. ಗ್ರಿಪ್ ಬಿಸಿ ಮಾಡುವ ಸ್ವಿಚ್ಚು. ಅದನ್ನು ನೋಡಿದವರು ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು ನಗುತ್ತಾ, "ನಮ್ಮ ಹುಬ್ಬಳ್ಳಿ ಬಿಸಲಾಗ ಕೈ ಕಾಸ್ಕೊಳ್ಳಾಕ ಹೀಟರ್ ಬೇಕೇನ್ರಿ?" ಎರಡನೆಯದು ಸ್ವಲ್ಪ ಹತ್ತಿರ ಬಂದು, "ಬ್ಯಾಟರಿ ಡೌನ್ ಆಗಂಗಿಲ್ಲೇನ್ರಿ?"

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಬಿಸಿಲು ಬರುವ ಹೊತ್ತಿಗೆ ನಾನು ಊರಲ್ಲೇ ಇರುವುದಿಲ್ಲ. ವಾರಕ್ಕೆರಡು ಸಲ ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು ಯಲ್ಲಾಪುರಕ್ಕೆ ಹೊರಡುತ್ತೇನೆ. ಡಿಸೆಂಬರ್‌ನಲ್ಲಿ ಕಲಘಟಗಿ ದಾಟಿ ಕಾಡು ಶುರುವಾಯಿತು ಅಂದರೆ ಸಾಕು, ಕ್ಲಚ್ ಹಿಡಿದ ಬೆರಳು ನನ್ನದೋ ಬೇರೆಯವರದೋ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಗ್ಲೌಸ್ ತೊಯ್ದರಂತೂ ಕೇಳಲೇಬೇಡಿ.

ಎರಡನೆಯದಕ್ಕೆ ಉತ್ತರ: ಆಗಿದೆ. ಎರಡು ಸಲ ಆಗಿದೆ. ಆದರೆ ತಪ್ಪು ಗ್ರಿಪ್ಪಿನದಲ್ಲ, ಜೋಡಿಸಿದ ನನ್ನದು.

ಸುಮ್ನೆ ಲೆಕ್ಕ ಹಾಕಿ ನೋಡಿ. ನನ್ನ ಕಿಟ್ಟಿನ ಒಂದೊಂದು ಗ್ರಿಪ್ ಸುಮಾರು 6 ಓಮ್. 12 ವೋಲ್ಟ್ ಕೊಟ್ಟರೆ ಒಂದೊಂದೂ 2 ಆಂಪಿಯರ್ ಎಳೆಯುತ್ತದೆ. ಎರಡೂ ಸೇರಿ 4 ಆಂಪಿಯರ್, ಅಂದರೆ 48 ವ್ಯಾಟ್. ಚಿಕ್ಕ ಬೈಕುಗಳ 35 ವ್ಯಾಟ್ ಹೆಡ್‌ಲೈಟಿಗಿಂತ ಜಾಸ್ತಿ. ನನ್ನ ಬ್ಯಾಟರಿ 8 ಆಂಪಿಯರ್ ಅವರ್, ಅಂದರೆ ಲೆಕ್ಕಕ್ಕೆ 8 ಆಂಪಿಯರ್ ಎಳೆದರೆ ಒಂದು ಗಂಟೆ, 4 ಎಳೆದರೆ ಎರಡು ಗಂಟೆ ಬರುತ್ತದೆ. ಎಂಜಿನ್ ಬಂದ್ ಆಗಿದ್ದಾಗ ಗ್ರಿಪ್ ಆನ್ ಇದ್ದರೆ ಲೆಕ್ಕದ ಪ್ರಕಾರವೇ ಎರಡು ಗಂಟೆ. ಸೆಲ್ಫ್ ಮೋಟರ್ ಅದಕ್ಕೂ ಮೊದಲೇ ಕೈ ಎತ್ತುತ್ತದೆ.

ನಾನು ಮಾಡಿದ್ದೇನು? ಕೆಂಪು ವೈರು ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಮೈನಸ್‌ಗೆ, ಮುಗಿಯಿತು ಕೆಲಸ ಅಂದುಕೊಂಡೆ. ಕೀ ತೆಗೆದರೂ ಗ್ರಿಪ್ಪಿಗೆ ಕರೆಂಟ್ ಹೋಗುತ್ತಲೇ ಇತ್ತು. ಯಲ್ಲಾಪುರದಲ್ಲಿ ಕೆಲಸ ಮುಗಿಸಿ ಬಂದು ಬಟನ್ ಒತ್ತಿದರೆ ಬರೀ ಟಕ್ ಟಕ್. ಚಹಾದಂಗಡಿಯ ಹುಡುಗರು ಪಾಪ, ಗಾಡಿ ತಳ್ಳಿದ್ದೇ ತಳ್ಳಿದ್ದು. ನನ್ನದು ಇಂಜೆಕ್ಷನ್ ಗಾಡಿ, ಎಂಜಿನ್ನಿಗೆ ಪೆಟ್ರೋಲ್ ಕಳಿಸುವುದು ಒಂದು ಸಣ್ಣ ಪಂಪು. ಆ ಪಂಪ್ ಓಡುವುದಕ್ಕೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿ ಏನೂ ಪ್ರಯೋಜನವಿಲ್ಲ. ಅದು ಗೊತ್ತಾಗುವಷ್ಟರಲ್ಲಿ ಎಲ್ಲರೂ ಬೆವತಿದ್ದರು.

ಇಷ್ಟಾದರೂ ಬುದ್ಧಿ ಬರಲಿಲ್ಲ. ಸ್ವಿಚ್ ಆಫ್ ಮಾಡಲು ನೆನಪಿಟ್ಟುಕೊಂಡರಾಯಿತು ಅಂದುಕೊಂಡೆ. ಎರಡನೇ ಸಲ ಡೌನ್ ಆದ ಮೇಲೆ ಹಳೇ ಹುಬ್ಬಳ್ಳಿಯ ವೈರಿಂಗ್ ಮಿಸ್ತ್ರಿಯೊಬ್ಬರ ಹತ್ತಿರ ಹೋದೆ. ಅವರು ನೋಡಿ ಒಂದೇ ಮಾತು ಹೇಳಿದರು: "ಸರ, ನೆನಪಿನ ಕೆಲಸ ರಿಲೇಕ್ಕ ಕೊಡ್ರಿ." ರಿಲೇ ಅಂದರೆ ಸಣ್ಣ ಕರೆಂಟ್ ಸಿಕ್ಕಾಗ ತಾನೇ ಆನ್ ಆಗಿ ದೊಡ್ಡ ಕರೆಂಟ್ ಬಿಡುವ, ಅದು ನಿಂತಾಗ ತಾನೇ ಆಫ್ ಆಗುವ ಸ್ವಿಚ್ಚು.

ಈಗ ಹೀಗಿದೆ. ಬ್ಯಾಟರಿ ಪ್ಲಸ್‌ನಿಂದ ಹೊರಟ ವೈರಿಗೆ ಅಲ್ಲೇ ಹತ್ತಿರ 7.5 ಆಂಪಿಯರ್ ಫ್ಯೂಸ್. ಅಲ್ಲಿಂದ ರಿಲೇಯ 30ನೇ ಪಿನ್ನು. 87ರಿಂದ ಗ್ರಿಪ್ಪಿನ ಸ್ವಿಚ್ಚಿಗೆ. 85 ಅರ್ತ್‌ಗೆ. 86ಕ್ಕೆ ಟೇಲ್ ಲೈಟಿನ ವೈರು. ಕೀ ಆನ್ ಆದರೆ ಟೇಲ್ ಲೈಟ್ ಹತ್ತುತ್ತದೆ, ರಿಲೇ ಟಕ್ ಅನ್ನುತ್ತದೆ, ಗ್ರಿಪ್ಪಿಗೆ ಕರೆಂಟ್ ಸಿಗುತ್ತದೆ. ಕೀ ತೆಗೆದರೆ ಎಲ್ಲವೂ ಬಂದ್. ಕೆಲವರು ರಿಲೇ ಉಳಿಸಲು ಹೋಗಿ ಗ್ರಿಪ್ಪನ್ನೇ ಸೀದಾ ಟೇಲ್ ಲೈಟ್ ವೈರಿಗೆ ಕಟ್ಟುತ್ತಾರೆ. ಬೇಡ. ಆ ತೆಳ್ಳನೆ ವೈರು 4 ಆಂಪಿಯರ್ ಹೊರಲು ಹಾಕಿದ್ದಲ್ಲ. ಫ್ಯೂಸ್ ಹೋದರೆ ರಾತ್ರಿ ಹಿಂದಿನ ದೀಪವೂ ಹೋಗುತ್ತದೆ.

ಗಾಡಿ ಓಡುವಾಗ ಚಾರ್ಜಿಂಗ್ ಸಾಲುತ್ತದೆಯೇ ಎಂದು ಮಲ್ಟಿಮೀಟರ್ ಇಟ್ಟು ನೋಡಿ. ಹೆಡ್‌ಲೈಟ್, ಗ್ರಿಪ್ ಎರಡೂ ಆನ್ ಇರಲಿ, ಸ್ವಲ್ಪ ರೇಸ್ ಕೊಡಿ. ಬ್ಯಾಟರಿ ಮೇಲೆ 13.5 ವೋಲ್ಟ್ ದಾಟಿದರೆ ಚಿಂತೆಯಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಇಳಿಯುತ್ತದೆ. ಅದಕ್ಕೇ ಊರೊಳಗೆ, ತನ್ನದೇ ಲೇನ್ ಇರುವ ಚಿಗರಿ ಬಸ್ಸು ಪಕ್ಕದಲ್ಲಿ ಹಾದು ಹೋಗುವಾಗ ನಾನು ನಿಂತೇ ಇರುವ ಕಡೆಯಲ್ಲಿ, ಆಫ್ ಮಾಡಿಬಿಡುತ್ತೇನೆ. 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಹೆಡ್‌ಲೈಟ್ ಹಗಲೂ ಉರಿಯುತ್ತದೆ, ಅದರ ಖರ್ಚೂ ಮೊದಲೇ ಇದೆ. 100 ಸಿಸಿ ಗಾಡಿಯವರು ಕೇಳಿದರೆ ನಾನು ಬೇಡ ಅನ್ನುತ್ತೇನೆ. ಒಳ್ಳೆ ಗ್ಲೌಸ್, ಗಾಳಿ ತಡೆಯುವ ಹ್ಯಾಂಡ್ ಗಾರ್ಡ್ ಸಾಕು.

ಆದರೆ ಬ್ಯಾಟರಿಗಿಂತ ನನ್ನನ್ನು ಹೆದರಿಸಿದ್ದು ಎಕ್ಸಲೇಟರ್. ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಬಲಗಡೆ ಗ್ರಿಪ್ಪನ್ನು ಹ್ಯಾಂಡಲ್ ತುದಿಯಲ್ಲಿ ಕೂರಿಸಿರುವ ಭಾರದ ಗುಂಡಿಗೆ ತಾಗುವ ಹಾಗೆ ಒತ್ತಿ ಅಂಟಿಸಿದ್ದೆ. ಮನೆ ಮುಂದೆ ಸರಿಯಾಗಿತ್ತು. ಯಲ್ಲಾಪುರದಾಚೆ ಅರಬೈಲ್ ಘಟ್ಟದ ತಿರುವಿನಲ್ಲಿ ಕೈ ಬಿಟ್ಟರೆ ರೇಸ್ ಇಳಿಯಲಿಲ್ಲ. ಕ್ಲಚ್ ಹಿಡಿದು, ಕೈಯಿಂದ ಹಿಂದಕ್ಕೆ ತಿರುವಿ ಬದುಕಿದೆ. ಗ್ರಿಪ್ಪಿಗೂ ಆ ಗುಂಡಿಗೂ ನಡುವೆ ಒಂದೆರಡು ಮಿಲಿಮೀಟರ್ ಸಂದು ಬೇಕೇ ಬೇಕು. ಬಲಗಡೆ ಗ್ರಿಪ್ ಎಕ್ಸಲೇಟರ್ ಜೊತೆ ತಿರುಗುತ್ತದಲ್ವಾ, ವೈರೂ ಅದರ ಜೊತೆ ತಿರುಗುತ್ತದೆ. ಪೂರ್ತಿ ತಿರುವಿದರೂ ಬಿಗಿಯದಷ್ಟು ಸಡಿಲು ಬಿಡಿ, ಬ್ರೇಕ್ ಲಿವರ್‌ಗೆ ಸಿಗದ ಹಾಗೆ ಕಟ್ಟಿ. ಆಮೇಲೆ ಹ್ಯಾಂಡಲ್ ಎಡಕ್ಕೆ ಕೊನೆತನಕ, ಬಲಕ್ಕೆ ಕೊನೆತನಕ ತಿರುಗಿಸಿ. ಎರಡೂ ಕಡೆ ಎಕ್ಸಲೇಟರ್ ಬಿಟ್ಟ ಕೂಡಲೇ ಪಟ್ಟನೆ ವಾಪಸ್ ಬರಬೇಕು.

ಇನ್ನೊಂದು ತಪ್ಪಿಗೆ ದುಡ್ಡೇ ಹೋಯಿತು. ಎಡಗೈ ಗ್ರಿಪ್ ಬಲಗಡೆಯಷ್ಟು ಬಿಸಿ ಆಗುತ್ತಿರಲಿಲ್ಲ. ಮಾಲು ಕೆಟ್ಟದ್ದು ಎಂದು ಬೈಯುತ್ತಾ ಎಳೆದು ಕಿತ್ತೆ. ಅಂಟಿಸಿದ ಗ್ರಿಪ್ ಎಳೆದರೆ ಒಳಗಿನ ತಂತಿ ತುಂಡಾಗುತ್ತದೆ, ಆಯಿತು. ಹೊಸದು ತಂದು ಅಳೆದರೆ ಎರಡೂ ಕಡೆ ಅದೇ 6 ಓಮ್. ವಿಷಯ ಇಷ್ಟೇ: ಬಲಗಡೆ ಗ್ರಿಪ್ಪಿನ ಕೆಳಗೆ ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಎಡಗಡೆ ಗ್ರಿಪ್ ಕೂರುವುದು ನೇರ ಕಬ್ಬಿಣದ ಮೇಲೆ. ಅರ್ಧ ಬಿಸಿ ಆ ಕಬ್ಬಿಣವೇ ತಿನ್ನುತ್ತದೆ. ಹ್ಯಾಂಡಲ್ ಮೇಲೆ ಒಂದು ಪದರ ತೆಳ್ಳನೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಕೊಳವೆ) ಏರಿಸಿ, ಹೊಸ ಗ್ರಿಪ್ಪನ್ನು ಅಂಟು ಹಚ್ಚದೆ ಒಮ್ಮೆ ಬ್ಯಾಟರಿಗೆ ಕೊಟ್ಟು ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಅಂಟಿಸಿದೆ. ಈಗ ಎಡಗೈಯೂ ಸುಮಾರಾಗಿ ಬೆಚ್ಚಗಿರುತ್ತದೆ.

ಬೇಸಿಗೆಯಲ್ಲಿ ಏನ್ ಮಾಡ್ತೀರಿ ಅಂತಲೂ ಕೇಳುತ್ತಾರೆ. ಮಾರ್ಚ್ ಬಂದ ಕೂಡಲೇ ಗ್ರಿಪ್ಪಿನ ಫ್ಯೂಸ್ ಕಿತ್ತು ಟೂಲ್ ಪೌಚಿಗೆ ಹಾಕುತ್ತೇನೆ. ಗಾಡಿ ನಿಂತಿದ್ದು ಕಂಡರೆ ಸಾಕು, ಓಣಿಯ ಹುಡುಗರು ಆ ಸ್ವಿಚ್ ಒತ್ತದೆ ಬಿಡುವುದಿಲ್ಲ; ಫ್ಯೂಸ್ ಇದ್ದರೆ ನಾನು ಕೀ ಹಾಕಿದ ಕೂಡಲೇ ಬಿಸಿಲಲ್ಲೂ ಗ್ರಿಪ್ ಕಾಯುತ್ತದೆ.