ಸುತ್ತಿಗೆ ಕೇಸು ಮತ್ತು ನಮ್ಮ ನೇವಿ ಜಡ್ಜ್ ಸಾಹೇಬ್ರು

ಹೋದ ತಿಂಗಳು ನಮ್ಮ ಬ್ಯಾಚ್ ವಾಟ್ಸಾಪ್ ಗ್ರೂಪಲ್ಲಿ "ಜಡ್ಜ್ ಸಾಹೇಬ್ರು ಹೋಗ್ಬಿಟ್ರು" ಅಂತ ಮೆಸೇಜ್ ಬಂದಾಗ ನಾನು ಕೋರ್ಟ್ ವರಾಂಡದಲ್ಲಿ ಕಕ್ಷಿದಾರರ ಜೊತೆ ಫೀಸಿನ ಮಾತಾಡ್ತಿದ್ದೆ. ಆಮೇಲೆ ಏನು ಮಾತಾಡಿದ್ನೋ ಗೊತ್ತಿಲ್ಲ. ಲಾ ಕಾಲೇಜಲ್ಲಿ 3 ವರ್ಷ ಓದಿದೀನಿ, ಕಂಪನಿ ಲಾ ಯಾರು ಪಾಠ ಮಾಡಿದ್ರು ಅನ್ನೋದೇ ನೆನಪಿಲ್ಲ, ಆದ್ರೆ ಎವಿಡೆನ್ಸ್ ಆಕ್ಟ್ (ಸಾಕ್ಷ್ಯದ ಕಾನೂನು) ಪಾಠ ಮಾಡ್ತಿದ್ದ ಈ ಸಾಹೇಬ್ರ ಬೂಟಿನ ಸದ್ದು ಮಾತ್ರ ಕಿವೀಲಿ ಹಂಗೇ ಇದೆ.

16ಕ್ಕೇ ನೇವಿ ಸೇರಿದೋರು. ಸಿಗ್ನಲ್ ಕೆಲಸ, ಸರ್ವಿಸ್ ಬಹುಪಾಲು ಐಎನ್‌ಎಸ್ ಮೈಸೂರಲ್ಲಿ. ಬ್ರಿಟಿಷರ ಹತ್ರ 'ನೈಜೀರಿಯಾ' ಆಗಿದ್ದ ಹಡಗು 1957ರಲ್ಲಿ ನಮ್ಮ ನೇವಿಗೆ ಬಂದು 'ಮೈಸೂರು' ಆಯ್ತು, ಲಾಂಛನ ನಮ್ಮ ಗಂಡಭೇರುಂಡ, 1971ರ ಯುದ್ಧದಲ್ಲಿ ವೆಸ್ಟರ್ನ್ ಫ್ಲೀಟಿನ ಫ್ಲ್ಯಾಗ್‌ಶಿಪ್ (ಪಡೆಯ ಮುಖ್ಯಸ್ಥರು ಇರೋ ಹಡಗು), ಇಷ್ಟನ್ನ ಒಂದೇ ಉಸಿರಲ್ಲಿ ಹೇಳಿ ಮುಗಿಸೋರು. "ಯುದ್ಧದಲ್ಲಿ ನೀವೇನ್ ಮಾಡಿದ್ರಿ ಸರ್" ಅಂದ್ರೆ "ನಿದ್ದೆಗೆಟ್ಟೆ ಕಣ್ರೀ". ಅಷ್ಟೇ. 15 ವರ್ಷ ಮುಗಿಸಿ ಪೆನ್ಷನ್ ತಗೊಂಡು ಬಂದು, ಮೂವತ್ತು ದಾಟಿದ್ಮೇಲೆ ಚಿಕ್ಕ ಹುಡುಗ್ರ ಪಕ್ಕ ಬೆಂಚಲ್ಲಿ ಕೂತು ಎಲ್‌ಎಲ್‌ಬಿ, ಆಮೇಲೆ ವಕೀಲಿಕೆ, ಮುನ್ಸೀಫ್, ಕೊನೆಗೆ ಜಿಲ್ಲಾ ನ್ಯಾಯಾಧೀಶರಾಗಿ ರಿಟೈರ್. ಅಲ್ಲಿಂದಾಚೆ ನಮಗೆ ಪಾಠ ಮಾಡೋಕೆ ಬಂದ್ರು, ನಮ್ಮ ಗ್ರಹಚಾರ.

ನಾನಾವತಿ ಕೇಸು ಅಂದ್ರೆ ಅವರಿಗೆ ಪ್ರಾಣ. 1959ರಲ್ಲಿ ಮುಂಬೈಲಿ ಹೆಂಡತಿಯ ಪ್ರಿಯಕರನಿಗೆ ಗುಂಡು ಹೊಡೆದ ಕಮಾಂಡರ್ ನಾನಾವತಿ ಇದೇ ಮೈಸೂರು ಹಡಗಿನ ಸೆಕೆಂಡ್ ಇನ್ ಕಮಾಂಡ್. ಸಾಹೇಬ್ರು ಆ ಹಡಗು ಹತ್ತಿದ್ದು ಅದಾದ್ಮೇಲೆ, ಆದ್ರೂ ನಾವು ಅವರಿಬ್ರೂ ಒಟ್ಟಿಗೇ ಊಟಕ್ಕೆ ಕೂರ್ತಿದ್ರು ಅಂತ ಜೂನಿಯರ್‌ಗಳ ಮುಂದೆ ಬಿಡ್ತಿದ್ವಿ (ಆಫೀಸರ್ ಮೆಸ್ಸೇ ಬೇರೆ, ಸಾಹೇಬ್ರಂಥ ನಾವಿಕರ ಮೆಸ್ಸೇ ಬೇರೆ ಅನ್ನೋದು ನಮಗೇನು ಗೊತ್ತು). 9 ಜನರ ಜ್ಯೂರಿ (ತೀರ್ಪು ಹೇಳೋಕೆ ಕೂರಿಸಿದ್ದ ಸಾಮಾನ್ಯ ಜನ) 8-1ರಲ್ಲಿ ನಿರ್ದೋಷಿ ಅಂದ್ರೂ ಸೆಷನ್ಸ್ ಜಡ್ಜ್ ಒಪ್ಪದೆ ಹೈಕೋರ್ಟಿಗೆ ರೆಫರ್ ಮಾಡಿದ್ರು, ಅಲ್ಲಿ ಜೀವಾವಧಿ ಆಯ್ತು, 1961ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಖಾಯಂ ಮಾಡ್ತು. "ಬಿಳೀ ಯೂನಿಫಾರ್ಮಿಗೆ ವೋಟ್ ಹಾಕಿದ್ರು ಕಣ್ರೀ. ನಾನೂ ಅದನ್ನ ಹಾಕ್ಕೊಂಡೋನೇ, ಅದಕ್ಕೇ ಹೇಳ್ತಿದೀನಿ" ಅನ್ನೋರು.

ಈಗ ಸುತ್ತಿಗೆ ವಿಷಯ. ನಮ್ಮ ಕಾಲೇಜಿನ ಗಂಟೆ ಅಂದ್ರೆ ನೇತುಹಾಕಿದ್ದ ರೈಲು ಕಂಬಿ ತುಂಡು. ಗಂಟೆ ಹೊಡೀದಿದ್ರೆ ಟೆಸ್ಟ್ ಶುರುವಾಗಲ್ಲ ಅನ್ನೋದು ನಮ್ಮ ಅವತ್ತಿನ ಕಾನೂನು ಜ್ಞಾನ, ಹಾಗಾಗಿ ಟೆಸ್ಟ್ ದಿನ ಅಟೆಂಡರಣ್ಣನ ಸುತ್ತಿಗೆ ಮಾಯ ಆಯ್ತು. ಹುಡುಕಿದ್ರೆ ನನ್ನ ಬ್ಯಾಗಲ್ಲಿ. ಇಟ್ಟೋನು ನಾನಲ್ಲ, ಇವತ್ತಿಗೂ ಅದೇ ನನ್ನ ಡಿಫೆನ್ಸು. ಸಾಹೇಬ್ರು ಬೈಲಿಲ್ಲ, ಟೆಸ್ಟ್ ಕ್ಯಾನ್ಸಲ್ ಮಾಡಿ ಕ್ಲಾಸನ್ನೇ ಕೋರ್ಟ್ ಮಾಡಿದ್ರು. "ಸೆಕ್ಷನ್ 114, ಇಲಸ್ಟ್ರೇಷನ್ ಎ ಓದಿ" ಅಂತ ನನ್ನ ಕೈಲೇ ಓದಿಸಿದ್ರು: ಕಳ್ಳತನ ಆದ ಸ್ವಲ್ಪ ಹೊತ್ತಲ್ಲೇ ಮಾಲು ಯಾರ ಹತ್ರ ಸಿಗುತ್ತೋ, ಅವನು ಸರಿಯಾದ ವಿವರಣೆ ಕೊಡದಿದ್ರೆ ಅವನೇ ಕಳ್ಳ, ಇಲ್ಲಾ ಕದ್ದ ಮಾಲು ಅಂತ ಗೊತ್ತಿದ್ದೇ ತಗೊಂಡೋನು ಅಂತ ಕೋರ್ಟ್ ಊಹಿಸಬಹುದು. ನನ್ನ ಹತ್ರ ವಿವರಣೆ ಇರ್ಲಿಲ್ಲ. 8 ಜನ ಕ್ಲಾಸ್‌ಮೇಟ್ಸು, ಒಂಬತ್ತನೆಯವರಾಗಿ ಅಟೆಂಡರಣ್ಣ, ಇದು ಜ್ಯೂರಿ. ಚೀಟಿ ಎಣಿಸಿದ್ರೆ 8-1, ನಿರ್ದೋಷಿ! ಕ್ಲಾಸೆಲ್ಲ ಶಿಳ್ಳೆ. ಸಾಹೇಬ್ರು "ಹೈಕೋರ್ಟಿಗೆ ರೆಫರ್ ಮಾಡ್ತಿದೀನಿ" ಅಂತ ಎದ್ದು, ಮೇಜಿಗೆ ಒಂದು ಸುತ್ತು ಬಂದು, ಅದೇ ಕುರ್ಚೀಲಿ ಕೂತು, "ಈಗ ನಾನೇ ಹೈಕೋರ್ಟು" ಅಂದ್ರು.

ಶಿಕ್ಷೆ ಏನಪ್ಪಾ ಅಂದ್ರೆ ಒಂದು ವಾರ ಗಂಟೆ ನಾನೇ ಹೊಡೀಬೇಕು, ಅದೂ ಹಡಗಿನ ಲೆಕ್ಕದಲ್ಲಿ. ಎಂಟೂವರೆಗೆ ಒಂದು ಏಟು, ಒಂಬತ್ತಕ್ಕೆ ಎರಡು, ಹೀಗೆ ಅರ್ಧರ್ಧ ಗಂಟೆಗೆ ಒಂದೊಂದು ಜಾಸ್ತಿ, ಹನ್ನೆರಡಕ್ಕೆ ಎಂಟು, ಜೋಡಿ ಜೋಡಿಯಾಗಿ. ಎಂಟಾದ್ರೆ ಒಂದು ವಾಚ್, ಅಂದ್ರೆ ಹಡಗಿನ ಒಂದು ಪಾಳಿ, ಮುಗೀತು, ಡ್ಯೂಟಿ ಮಾಡ್ತಿದ್ದೋನು ಕೆಳಗಿಳಿದು ಹೋಗಬಹುದು. ಹತ್ತು ಗಂಟೆಗೆ ನಾಲ್ಕು ಏಟು ಕೇಳಿ ಇಡೀ ಕಾಲೇಜು ಚೀಲ ಎತ್ಕೊಂಡು ಮನೆಗೆ ಹೊರಟಿತ್ತು.

ಸುತ್ತಿಗೆ ಕಳ್ಕೊಂಡೋನನ್ನೇ ಜ್ಯೂರಿಲಿ ಕೂರಿಸಿದ್ದಕ್ಕೆ ಅವತ್ತು ಒಬ್ರೂ ಆಬ್ಜೆಕ್ಷನ್ ಎತ್ತಲಿಲ್ಲ ನೋಡಿ. ನನಗೆ ಹೊಳೆದಿದ್ದೇ ಪ್ರಾಕ್ಟೀಸಿಗೆ ಬಂದು ಎಷ್ಟೋ ವರ್ಷಕ್ಕೆ. ಇವತ್ತು ನನ್ನ ಕ್ರಾಸ್ (ಎದುರು ಪಕ್ಷದ ಸಾಕ್ಷಿಗೆ ಪಾಟೀಸವಾಲು) ಇದೆ ಅಂದ್ರೆ ಬೇರೆ ಆಫೀಸಿನ ಜೂನಿಯರ್‌ಗಳೂ ಬಂದು ನಿಲ್ತಾರೆ, ಹೆಮ್ಮೆಗೆ ಹೇಳ್ತಿಲ್ಲ, ಇರೋದು ಹೇಳಿದೆ. ಆ ಹುಡುಗ್ರು 2024ರ ಜುಲೈಯಿಂದ ಎವಿಡೆನ್ಸ್ ಆಕ್ಟ್ ಬದಲು ಹೊಸ ಸಾಕ್ಷ್ಯ ಕಾನೂನು ಬಂದು ಸೆಕ್ಷನ್ 114 ಹೋಗಿ 119 ಆಗಿದ್ದನ್ನ ಬಾಯಿಪಾಠ ಮಾಡಿದಾರೆ, ಜಡ್ಜ್‌ಮೆಂಟ್ ಮಾತ್ರ ಮೊಬೈಲಲ್ಲಿ ನಾಲ್ಕು ಸಾಲಿನ ಸಾರಾಂಶ. ಪೂರ್ತಿ ಓದ್ರೋ ಅಂದ್ರೆ ನನ್ನನ್ನೇ ಮುದುಕನ ಥರ ನೋಡ್ತಾರೆ.

ಸಂತಾಪ ಸಭೆಗೆ ಅಂತ ಎಷ್ಟೋ ವರ್ಷದ ಮೇಲೆ ಕಾಲೇಜಿಗೆ ಹೋದೆ. ಈಗ ಎಲೆಕ್ಟ್ರಿಕ್ ಬೆಲ್. ಭಾಷಣಗಳು ಮುಗಿಯೋ ಹಂಗೆ ಕಾಣ್ಲಿಲ್ಲ, ಹಿಂದುಗಡೆ ಸೈಕಲ್ ಸ್ಟ್ಯಾಂಡ್ ಕಡೆ ಹೋದ್ರೆ ಕಂಬಿ ತುಂಡು ತುಕ್ಕು ಹಿಡ್ಕೊಂಡು ನೇತಾಡ್ತಿತ್ತು. ಸುತ್ತಿಗೆ ಇರ್ಲಿಲ್ಲ. ಒಂದು ಕಲ್ಲು ತಗೊಂಡು ಹೊಡೆದೆ, ಎರಡು, ಎರಡು, ಎರಡು, ಎರಡು. ಟೈಮ್ ಆಗ ಮೂರೂ ಹತ್ತು. ವಾಚ್‌ಮನ್ ಓಡ್ಬಂದು "ಯಾರ್ರೀ ಅದು, ಒಳಗೆ ಸಭೆ ನಡೀತಿರೋದು ಕಾಣಲ್ವಾ" ಅಂತ ಬೈದ.